ಹುಣಸೆಹಣ್ಣು ಹಚ್ಚುವ ಮೊದಲು ಕೆತ್ತಿದ ಹೆಸರು ಓದಿ

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಒಂದು ಊರು. ನಮ್ಮಜ್ಜ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಮೊನ್ನೆ ಅಟ್ಟ ಖಾಲಿ ಮಾಡುವಾಗ ತಗಡಿನ ಟ್ರಂಕು ಸಿಕ್ಕಿತು. ಒಳಗೆ ಬಂಗಾರದ ಬಣ್ಣದ ಒಂದು ಲೈಕಾ ಕ್ಯಾಮೆರಾ ಇದೆ. ಅದರ ಮೇಲೆ ಹದ್ದಿನ ಚಿತ್ರ, ಲುಫ್ಟ್‌ವಾಫೆ (ಜರ್ಮನ್ ವಾಯುಪಡೆ) ಎಂಬ ಬರಹ. ಇದು ಅಜ್ಜನದಲ್ಲ, ಚಿಕ್ಕಪ್ಪ ಮುಂಬೈಯಲ್ಲಿದ್ದಾಗ ಕೊಂಡದ್ದು. ಜೊತೆಗೆ ಎರಡು ಕಣ್ಣಿನ ರೋಲಿಫ್ಲೆಕ್ಸ್, ಮರದ ಸ್ಟ್ಯಾಂಡ್ ಕ್ಯಾಮೆರಾ, ಅದರ ಹಿತ್ತಾಳೆ ಲೆನ್ಸು, ಒಂದು ಆಗ್ಫಾ ಕ್ಲಿಕ್ 3, ಹಳೆ ಬಿಲ್ಲುಗಳ ಕಟ್ಟು ಇವೆ. ಲೈಕಾ ಕ್ಯಾಮೆರಾ ನೂರು ಕೋಟಿಗೆ ಹರಾಜಾಯಿತು ಅಂತ ಭಾವ ಹೇಳುತ್ತಾರೆ. ನಿಜವೇ? ನಮ್ಮದಕ್ಕೆ ಎಷ್ಟು ಸಿಗಬಹುದು? ಹರಾಜಿಗೆ ಕಳಿಸುವುದು ಹೇಗೆ? ಹಿತ್ತಾಳೆ ಲೆನ್ಸು ಕಪ್ಪಾಗಿದೆ, ಅಮ್ಮ ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡಿಕೊಡ್ತೇನೆ ಅಂತಿದ್ದಾರೆ. ಮಾಡಿಸಬಹುದಾ?

ಉತ್ತರ: ನಿಮ್ಮ ಕೊನೆಯ ಸಾಲು ಓದಿ ಎದೆ ಧಸಕ್ಕೆಂದಿತು. ಮೊದಲು ಅಡುಗೆಮನೆಗೆ ಹೋಗಿ ಅಮ್ಮನ ಕೈಯಿಂದ ಆ ಲೆನ್ಸನ್ನು ಈಸಿಕೊಳ್ಳಿ. ಉಳಿದದ್ದನ್ನು ಆಮೇಲೆ ಓದಿದರಾಯಿತು.

ಈಸಿಕೊಂಡಿರಾ? ಸರಿ, ಈಗ ಭಾವನ ಮಾತಿಗೆ ಬರೋಣ. ಭಾವ ಹೇಳಿದ್ದು ಸುಳ್ಳಲ್ಲ. 2022ರ ಜೂನ್‌ನಲ್ಲಿ ಜರ್ಮನಿಯ ವೆಟ್ಸ್‌ಲಾರ್ ಊರಿನಲ್ಲಿ ನಡೆದ ಹರಾಜಿನಲ್ಲಿ ಒಂದು ಲೈಕಾ 1.44 ಕೋಟಿ ಯೂರೋಗೆ ಹೋಯಿತು. ಆಗಿನ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಮೇಲೆ. ಹರಾಜಿನವರು ಅಂದಾಜು ಮಾಡಿದ್ದು 20ರಿಂದ 30 ಲಕ್ಷ ಯೂರೋ. ಆದರೆ ಅದು ಎಂಥ ಲೈಕಾ ಅನ್ನುವುದನ್ನು ಭಾವ ಹೇಳಿಲ್ಲ. ಕಥೆಯೆಲ್ಲ ಇರುವುದು ಅಲ್ಲೇ.

ಲೈಕಾ ಮಾಡಿದ ವೆಟ್ಸ್‌ಲಾರ್‌ನ ಲೈಟ್ಜ್ ಕಂಪನಿ ಮೂಲದಲ್ಲಿ ಸೂಕ್ಷ್ಮದರ್ಶಕ ಮಾಡುತ್ತಿದ್ದ ಕಂಪನಿ. ಅಲ್ಲಿ ಓಸ್ಕರ್ ಬಾರ್ನಾಕ್ ಎಂಬ ಕುಶಲಕರ್ಮಿ ಇದ್ದರು. ಅವರಿಗೆ ಫೋಟೋ ತೆಗೆಯುವ ಹುಚ್ಚು, ಆದರೆ ಉಬ್ಬಸ. ಗಾಜಿನ ಪ್ಲೇಟು ತುಂಬಿದ ದೊಡ್ಡ ಕ್ಯಾಮೆರಾ ಹೊತ್ತು ಗುಡ್ಡ ಹತ್ತುವುದು ಆಗದ ಮಾತು. ಸಿನಿಮಾದ 35 ಮಿಲಿಮೀಟರ್ ಫಿಲ್ಮನ್ನೇ ಅಡ್ಡಕ್ಕೆ ಓಡಿಸಿ, ಅಂಗೈಯಲ್ಲಿ ಹಿಡಿಯುವಂಥ ಕ್ಯಾಮೆರಾ ಮಾಡಿಕೊಂಡರು. ಅದು ಮೊದಲನೇ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ. ಯುದ್ಧ ಮುಗಿದ ಮೇಲೆ, 1923ರಲ್ಲಿ, ಮಾರುಕಟ್ಟೆಯಲ್ಲಿ ನಡೆಯುತ್ತದಾ ನೋಡೋಣ ಅಂತ ಕಂಪನಿ ಸುಮಾರು ಎರಡು ಡಜನ್ ಕ್ಯಾಮೆರಾ ಮಾಡಿಸಿತು. ಇವನ್ನೇ ಸೊನ್ನೆ ಸರಣಿ ಅನ್ನುತ್ತಾರೆ. ಮಾರಾಟಕ್ಕೆ ಬಂದ ಲೈಕಾ 1925ರ ಲೈಪ್‌ಜಿಗ್ ಜಾತ್ರೆಯಲ್ಲಿ ಕಾಣಿಸಿಕೊಂಡಿತು.

ಸೊನ್ನೆ ಸರಣಿಯ ಕ್ಯಾಮೆರಾ ಬಳಸಲು ಸುಖವೇನಲ್ಲ. ಫಿಲ್ಮು ಸುತ್ತುವಾಗ ಬೆಳಕು ತಡೆಯುವ ಅದರ ಶಟರ್ ಪರದೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಪ್ರತಿ ಫೋಟೋ ಆದ ಮೇಲೂ ಲೆನ್ಸಿಗೆ ಮುಚ್ಚಳ ಹಾಕಿ ಸುತ್ತಬೇಕು. ಮರೆತರೆ ಫಿಲ್ಮು ಹಾಳು. ಮುಚ್ಚಳ ಕಳೆಯದಿರಲಿ ಅಂತ ದಾರದಲ್ಲಿ ಕಟ್ಟಿದ್ದರು. ಇಂಥ ಕ್ಯಾಮೆರಾಗಳಲ್ಲಿ ಒಂದು 2011ರಲ್ಲಿ ವಿಯೆನ್ನಾದಲ್ಲಿ 13.2 ಲಕ್ಷ ಯೂರೋಗೆ ಹೋಯಿತು. ಮರುವರ್ಷ ಇನ್ನೊಂದು 21.6 ಲಕ್ಷಕ್ಕೆ. 2018ರಲ್ಲಿ ಮತ್ತೊಂದು 24 ಲಕ್ಷಕ್ಕೆ. ನಾಲ್ಕು ವರ್ಷ ಕಳೆದು ಬಂದ 105ನೇ ನಂಬರಿನದು, ಅಂದರೆ ಭಾವ ಹೇಳಿದ್ದು, ಒಮ್ಮೆಗೇ ಆರು ಪಟ್ಟು ಹಾರಿತು. ಯಾಕೆ? ಅದರ ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯ ನೆತ್ತಿಯ ಮೇಲೆ ಬಾರ್ನಾಕ್ ಹೆಸರು ಕೆತ್ತಿದೆ. ಅದು ಸ್ವತಃ ಅವರು ಕೊರಳಿಗೆ ಹಾಕಿಕೊಂಡು ಓಡಾಡಿದ ಕ್ಯಾಮೆರಾ. ಅದರಲ್ಲಿ ಸಣ್ಣಪುಟ್ಟ ಸುಧಾರಣೆ ಮಾಡಿ ನೋಡಿ, ಮುಂದಿನ ಮಾದರಿಗೆ ಸೇರಿಸುತ್ತಿದ್ದರು. ಅಷ್ಟು ಬಿಟ್ಟರೆ ಉಳಿದ ಸೊನ್ನೆ ಸರಣಿಗೂ ಅದಕ್ಕೂ ಯಂತ್ರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹೆಚ್ಚಿಗೆ ಸಿಕ್ಕ ದುಡ್ಡೆಲ್ಲ ಆ ಒಂದು ಹೆಸರಿಗೆ.

ಇದೇ ಥರ ಇನ್ನೊಂದು. ಲೈಕಾ ಎಂ3 ಅಂತ 1954ರಲ್ಲಿ ಬಂದ ಕ್ಯಾಮೆರಾ ಇದೆ. ಎರಡು ಲಕ್ಷಕ್ಕೂ ಹೆಚ್ಚು ಮಾಡಿದ್ದಾರೆ. ಒಳ್ಳೆಯ ಕ್ಯಾಮೆರಾ, ಬೇಕೆಂದರೆ ಇವತ್ತೂ ಸಿಗುತ್ತದೆ. ಕೊರಿಯಾ ಯುದ್ಧದ ಫೋಟೋಗಳಿಗೆ ಹೆಸರಾದ ಡೇವಿಡ್ ಡಗ್ಲಸ್ ಡಂಕನ್ ಅವರಿಗಾಗಿ ಕಂಪನಿ ಇದನ್ನೇ ಸ್ವಲ್ಪ ಬದಲಿಸಿ ನಾಲ್ಕೇ ನಾಲ್ಕು ಮಾಡಿಕೊಟ್ಟಿತು. ಎಂ3ಡಿ ಅಂತ ಹೆಸರು. ಅದರಲ್ಲೊಂದು 2012ರಲ್ಲಿ 16.8 ಲಕ್ಷ ಯೂರೋಗೆ ಹೋಯಿತು. ಅದು ಬಣ್ಣ ಸವೆದು, ಒಳಗಿನ ಹಿತ್ತಾಳೆ ಇಣುಕುವ ಕ್ಯಾಮೆರಾ. ಆ ಸವೆತವನ್ನು ಯಾರೂ ದೋಷ ಅನ್ನಲಿಲ್ಲ.

ಇಷ್ಟು ಉದ್ದಕ್ಕೆ ಹೇಳಿದ್ದು ಸುಮ್ನೆ ಅಲ್ಲ. ನಿಮ್ಮ ಟ್ರಂಕಿನ ಸಾಮಾನನ್ನೂ ಇದೇ ಅಳತೆಯಲ್ಲಿ ನೋಡಬೇಕು. ಎಷ್ಟು ಮಾಡಿದ್ದರು, ಯಾರ ಕೈಯಲ್ಲಿತ್ತು, ಅದಕ್ಕೆ ಕಾಗದ ಇದೆಯಾ, ಯಾರೂ ಮುಟ್ಟಿ ಕೆಡಿಸಿಲ್ಲವಾ. ವಯಸ್ಸು ಈ ಲೆಕ್ಕದಲ್ಲಿ ಕೊನೆಗೆ ಬರುತ್ತದೆ. ನೂರು ವರ್ಷದ ಡಬ್ಬಾ ಕ್ಯಾಮೆರಾಗಳು ಲಂಡನ್ ಸಂತೆಯಲ್ಲಿ ಒಂದು ಊಟದ ಬೆಲೆಗೆ ಸಿಗುತ್ತವೆ.

ಈಗ ಬಂಗಾರದ ಲೈಕಾ. ಚಿಕ್ಕಪ್ಪನಿಗೆ ಬೇಜಾರಾಗಬಹುದು, ಮೆಲ್ಲಗೆ ಹೇಳಿ. ಅದು ಲೈಕಾ ಅಲ್ಲ ಅಂತ ನನಗೆ ನೂರಕ್ಕೆ ತೊಂಬತ್ತೊಂಬತ್ತು ಖಾತ್ರಿ.

ನಿಜವಾಗಿ ಅದು ಸೋವಿಯತ್ ಕಾಲದ ಫೆಡ್ ಅಥವಾ ಝೋರ್ಕಿ ಕ್ಯಾಮೆರಾ. ಫೆಡ್‌ದು ಒಂದು ಸ್ವಾರಸ್ಯದ ಕಥೆ. ಉಕ್ರೇನಿನ ಖಾರ್ಕಿವ್‌ನಲ್ಲಿ ಅನಾಥ ಹುಡುಗರಿಗಾಗಿ ಒಂದು ದುಡಿಮೆಯ ಕಮ್ಯೂನ್ ಇತ್ತು. ಆ ಹುಡುಗರು ಲೈಕಾ ಬಿಚ್ಚಿ ನೋಡಿ ಅದರ ಪ್ರತಿ ಮಾಡಲು ಕಲಿತರು. 1934ರಿಂದ ಸಾಲಾಗಿ ಮಾಡತೊಡಗಿದರು. ಝೋರ್ಕಿ ಬಂದದ್ದು 1948ರಲ್ಲಿ, ಮಾಸ್ಕೋ ಹತ್ತಿರದ ಕ್ರಾಸ್ನೊಗೊರ್ಸ್ಕ್‌ನಿಂದ. ಎರಡೂ ತಮ್ಮ ಮಟ್ಟಿಗೆ ಪ್ರಾಮಾಣಿಕ ಕ್ಯಾಮೆರಾಗಳೇ, ತಮ್ಮದೇ ಹೆಸರು ಹೊತ್ತವು. ಕಿತಾಪತಿ ಶುರುವಾದದ್ದು ಆಮೇಲೆ. ಸೋವಿಯತ್ ಒಕ್ಕೂಟ ಕುಸಿದ ಕಾಲಕ್ಕೆ ಅವುಗಳ ಹೆಸರು ಉಜ್ಜಿ ತೆಗೆದು ಲೈಕಾ ಅಂತ ಕೆತ್ತಿ, ಬಂಗಾರದ ಬಣ್ಣ ಹೊಡೆದು, ಹದ್ದು, ಬರ್ಲಿನ್ ಒಲಿಂಪಿಕ್ಸ್, ನೌಕಾಪಡೆ ಅಂತ ಏನೇನೋ ಚಿತ್ರಿಸಿ ಪ್ರವಾಸಿಗರಿಗೆ ಮಾರಿದರು. ಅವು ಭಾರತಕ್ಕೂ ಬೇಕಾದಷ್ಟು ಬಂದಿವೆ. ನನ್ನ ಮೇಜಿನ ಮೇಲೆ ವರ್ಷಕ್ಕೆ ನಾಲ್ಕೈದಾದರೂ ಬಂದು ಕೂರುತ್ತವೆ.

ನನ್ನ ಮಾತನ್ನು ನಂಬಬೇಕಿಲ್ಲ, ನೀವೇ ಪರೀಕ್ಷೆ ಮಾಡಿ. ಲೆನ್ಸನ್ನು ಮೆಲ್ಲಗೆ ತಿರುಗಿಸಿ ಬಿಚ್ಚಿ. ಅದು ತಿರುಪಿನ ಹಾಗೆ ಬರುತ್ತದೆ. ಕ್ಯಾಮೆರಾದ ಬಾಯೊಳಗೆ ಮೇಲ್ಗಡೆ ನೋಡಿ. ಅಲ್ಲೊಂದು ಸಣ್ಣ ಲೋಹದ ತೋಳು ಲೆನ್ಸಿನ ಬೆನ್ನನ್ನು ಮುಟ್ಟುವಂತೆ ಚಾಚಿರುತ್ತದೆ. ದೂರ ಅಳೆಯುವ ರೇಂಜ್‌ಫೈಂಡರಿನ ಕೈ ಅದು. ಅಸಲಿ ಲೈಕಾದಲ್ಲಿ ಆ ತೋಳಿನ ತುದಿಗೆ ಉದ್ದಿನ ಕಾಳಿನಷ್ಟು ದುಂಡನೆಯ ಪುಟ್ಟ ಚಕ್ರ ಇರುತ್ತದೆ, ಬೆರಳಲ್ಲಿ ಮುಟ್ಟಿದರೆ ಉರುಳುತ್ತದೆ. ಫೆಡ್, ಝೋರ್ಕಿಗಳಲ್ಲಿ ಚಕ್ರ ಇಲ್ಲ. ಓರೆಯಾಗಿ ಕತ್ತರಿಸಿದ ಗಟ್ಟಿ ಲೋಹದ ನಾಲಿಗೆ ಇರುತ್ತದೆ. ಹೊರಗಿನ ಹೆಸರು, ನಂಬರು, ಹದ್ದು ಎಲ್ಲವನ್ನೂ ಕೆತ್ತಬಹುದು. ಈ ಚಕ್ರ ಕೂರಿಸುವ ಗೋಜಿಗೆ ನಕಲಿ ಮಾಡುವವರು ಸಾಮಾನ್ಯವಾಗಿ ಹೋಗುವುದಿಲ್ಲ.

ಜರ್ಮನ್ ವಾಯುಪಡೆಗೆ ಹೋದ ಅಸಲಿ ಲೈಕಾಗಳು ಇಲ್ಲದಿಲ್ಲ. ಅವು ಬಂಗಾರದವಲ್ಲ. ಯುದ್ಧದಲ್ಲಿ ಯಾರು ಬಂಗಾರದ ಕ್ಯಾಮೆರಾ ಹೊಳೆಸಿಕೊಂಡು ಓಡಾಡ್ತಾರೆ ಹೇಳಿ? ಹೆಚ್ಚಾಗಿ ಬೂದು ಬಣ್ಣದ 3ಸಿ ಮಾದರಿ. ಕೆಲವದರಲ್ಲಿ ನಂಬರಿನ ಕೊನೆಗೆ ಕೆ ಅಕ್ಷರ ಇರುತ್ತದೆ, ಶಟರಿನಲ್ಲಿ ಬಾಲ್ ಬೇರಿಂಗ್ ಹಾಕಿದ್ದಾರೆ ಅನ್ನುವುದರ ಗುರುತು ಅದು. ಬಂಗಾರದ ಅಸಲಿ ಲೈಕಾ ಕೂಡ ಇದೆ, 1930ರ ಆಸುಪಾಸಿನ ಲಕ್ಸಸ್ ಮಾದರಿ, ಹಲ್ಲಿ ಜಾತಿಯ ಪ್ರಾಣಿಯ ಚರ್ಮ ಹೊದಿಸಿದ್ದು. ಮಾಡಿದ್ದು ನೂರರೊಳಗೆ. ಅದರ ಮೇಲೆ ಹದ್ದು ಕೂತಿಲ್ಲ.

ನಿಮ್ಮದು ಫೆಡ್ ಅಂತಾದರೂ ಎಸೆಯಬೇಡಿ. ಕೆಲಸ ಮಾಡುತ್ತಿದ್ದರೆ ಕೆಲವು ಸಾವಿರ ರೂಪಾಯಿಯ ಮಾತು. ಫೆಡ್ ಅಂತಲೇ ಹೇಳಿ ಮಾರಿ.

ರೋಲಿಫ್ಲೆಕ್ಸ್ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಅದನ್ನು ನಮ್ಮ ಸ್ಟುಡಿಯೋದವರು ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದರು, ಹಾಗಾಗಿ ಚೆನ್ನಾಗಿಯೇ ಇರಬಹುದು. ಕೆಳಗಿನ ಲೆನ್ಸಿನ ಸುತ್ತ ಏನು ಬರೆದಿದೆ ನೋಡಿ. 2.8 ಅಂತಿದ್ದು ಜೊತೆಗೆ ಪ್ಲಾನರ್ ಅಥವಾ ಕ್ಸೆನೊಟಾರ್ ಅಂತಿದ್ದರೆ ಲಕ್ಷದ ಹತ್ತಿರ ಯೋಚಿಸಬಹುದು. 3.5 ಟೆಸ್ಸಾರ್ ಅಂತಿದ್ದರೆ ಹತ್ತಾರು ಸಾವಿರ. ಇದಕ್ಕೆ ವಿದೇಶದ ಹರಾಜು ಬೇಡ. ಬೆಂಗಳೂರಿನಲ್ಲೇ ಫಿಲ್ಮು ಹಾಕಿ ಫೋಟೋ ತೆಗೆಯುವ ಹುಡುಗ ಹುಡುಗಿಯರು ಈಗ ಜಾಸ್ತಿಯಾಗಿದ್ದಾರೆ, ಅವರೇ ಕೊಳ್ಳುತ್ತಾರೆ.

ನನಗೆ ಕುತೂಹಲ ಇರುವುದು ನೀವು ಕೊನೆಗೆ ಬರೆದ, ಅಮ್ಮ ತಿಕ್ಕಲು ಹೊರಟಿದ್ದ ಹಿತ್ತಾಳೆ ಲೆನ್ಸಿನ ಮೇಲೆ.

ಮರದ ಕ್ಯಾಮೆರಾವನ್ನು ಒಮ್ಮೆ ಸುತ್ತಲೂ ನೋಡಿ. ಎಲ್ಲಾದರೂ ದಂತದ ಬಣ್ಣದ ಅಥವಾ ಲೋಹದ ಪಟ್ಟಿಯಲ್ಲಿ ಹೆಸರಿರಬಹುದು. ಕೇರಳದ ಆಲಪ್ಪುಳದಲ್ಲಿ ವಾಗೀಶ್ವರಿ ಅಂತ ತೇಗದ ಕ್ಯಾಮೆರಾ ಮಾಡುತ್ತಿದ್ದರು, ಅವು ಹೊರರಾಜ್ಯದ ಸ್ಟುಡಿಯೋಗಳಿಗೂ ಹೋಗುತ್ತಿದ್ದವು. ಅದು ಸಿಕ್ಕರೆ ಸಂತೋಷ, ನಮ್ಮ ಕಡೆಯ ಇತಿಹಾಸ. ವಿಯೆನ್ನಾದಲ್ಲಿ ಅದಕ್ಕೆ ದೊಡ್ಡ ಬೆಲೆ ಬರುತ್ತದೆ ಅಂತ ಹೇಳಲಾರೆ.

ಆದರೆ ಇಂಥ ದೇಶಿ ಕ್ಯಾಮೆರಾದ ಮೂತಿಗೆ ಅದಕ್ಕಿಂತ ಐವತ್ತು ಅರವತ್ತು ವರ್ಷ ಹಳೆಯ ಇಂಗ್ಲೆಂಡಿನ ಲೆನ್ಸು ಕೂರಿಸಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬ್ರಿಟಿಷರ ಕಾಲದ ಸ್ಟುಡಿಯೋ ಮುಚ್ಚಿದಾಗ ಕ್ಯಾಮೆರಾ ಗೆದ್ದಲು ಹಿಡಿದು ಹೋಗುತ್ತಿತ್ತು, ಲೆನ್ಸು ಕೈಯಿಂದ ಕೈಗೆ ಬರುತ್ತಿತ್ತು. ಒಳ್ಳೆಯ ಲೆನ್ಸನ್ನು ಯಾರೂ ಗುಜರಿಗೆ ಹಾಕುತ್ತಿರಲಿಲ್ಲ.

ಲೆನ್ಸಿನ ಹಿತ್ತಾಳೆ ಕೊಳವೆಯ ಮೇಲೆ ಕೆತ್ತಿದ ಅಕ್ಷರ ಇರುತ್ತದೆ. ಮೆತ್ತನೆ ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಓದಿ. ರಾಸ್, ಡಾಲ್‌ಮಾಯರ್, ಫೋಯಿಗ್ಟ್‌ಲೆಂಡರ್, ಕುಕ್, ಇಂಥ ಲೆನ್ಸು ತಯಾರಕರ ಹೆಸರಿದೆಯಾ? ಡಾಲ್‌ಮಾಯರ್ ಲಂಡನ್ ಅಂತಿದ್ದು, ಪಕ್ಕದಲ್ಲಿ 3ಬಿ ಅಂತಲೂ ಪೇಟೆಂಟ್ ಅಂತಲೂ ಇದ್ದರೆ ಕೂತುಕೊಂಡು ಒಂದು ಲೋಟ ನೀರು ಕುಡಿಯಿರಿ. 1866ರಲ್ಲಿ ಪೇಟೆಂಟ್ ಪಡೆದ ಭಾವಚಿತ್ರದ ಲೆನ್ಸು ಅದು. ಹಿಂದಿನ ಗಾಜಿನ ಭಾಗವನ್ನು ಸ್ವಲ್ಪ ತಿರುಗಿಸಿದರೆ ಚಿತ್ರದ ಚೂಪು ಕಡಿಮೆಯಾಗಿ ಮುಖ ಮೆತ್ತಗೆ ಬರುತ್ತದೆ. ಈಗ ಅಮೆರಿಕ, ಯುರೋಪುಗಳಲ್ಲಿ ಗಾಜಿಗೆ ಕೊಲೋಡಿಯನ್ ದ್ರವ ಸುರಿದು, ಹಸಿ ಇರುವಾಗಲೇ ಫೋಟೋ ತೆಗೆಯುವ ಹಳೆ ವಿದ್ಯೆ ಮತ್ತೆ ಚಿಗುರಿದೆ. ಅವರು ಇದನ್ನು ಹುಡುಕಿಕೊಂಡು ಬರುತ್ತಾರೆ, ಕಪಾಟಿನಲ್ಲಿ ಇಡಲು ಅಲ್ಲ, ಕೆಲಸಕ್ಕೆ. ಕೊಳ್ಳುವವರಲ್ಲಿ ಬಳಸುವವರೂ ಸೇರಿಕೊಂಡರೆ ಬೆಲೆ ಗಟ್ಟಿಯಾಗಿ ನಿಲ್ಲುತ್ತದೆ.

ಹಾಗಂತ ಈಗಲೇ ಕನಸು ಕಾಣಬೇಡಿ. ಅದೇ ಡಾಲ್‌ಮಾಯರ್ ಅದೇ 1866ರಲ್ಲಿ ರ್‍ಯಾಪಿಡ್ ರೆಕ್ಟಿಲಿನಿಯರ್ ಅಂತ ಇನ್ನೊಂದು ಲೆನ್ಸು ತಂದರು. ಅದನ್ನು ರಾಶಿಗಟ್ಟಲೆ ಮಾಡಿದರು, ಬೇರೆಯವರೂ ಅನುಕರಿಸಿದರು. ಟ್ರಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. ನೋಡಲು ಚೆಂದ, ಬೆಲೆ ಸಾಧಾರಣ.

ಇನ್ನು ಹುಣಸೆಹಣ್ಣು. ಆ ಕಾಲದ ಹಿತ್ತಾಳೆ ಲೆನ್ಸಿಗೆ ಮೇಲೆ ತೆಳ್ಳಗೆ ಅರಗಿನ ಲೇಪ ಇರುತ್ತಿತ್ತು. ನೀವು ಕಪ್ಪು ಅನ್ನುವುದು ಆ ಲೇಪ ಮಾಗಿದ ಬಣ್ಣ. ಹುಳಿ ಬಿದ್ದರೆ ಲೇಪ ಎದ್ದು ಹೋಗುತ್ತದೆ, ತಿಕ್ಕಿದರೆ ಕೆತ್ತಿದ ಅಕ್ಷರದ ಅಂಚು ಸವೆಯುತ್ತದೆ, ಹುಳಿ ನೀರು ತಿರುಪಿನ ಸಂದಿನಲ್ಲಿ ಇಳಿದು ಗಾಜಿನ ಅಂಚು ಸೇರುತ್ತದೆ. ತಂಬಿಗೆಗೆ ಸರಿ, ಲೆನ್ಸಿಗೆ ಸಲ್ಲ.

ಇದನ್ನು ನಾನು ಕಲಿತದ್ದು ದುಡ್ಡು ಕೊಟ್ಟು. ಈ ಕೆಲಸಕ್ಕೆ ಇಳಿದ ಹೊಸತರಲ್ಲಿ ಎರಡು ಹಿತ್ತಾಳೆ ಲೆನ್ಸು ಒಟ್ಟಿಗೆ ಸಿಕ್ಕವು. ವಿದೇಶದಿಂದ ಒಬ್ಬರು ನೋಡಲು ಬರುವವರಿದ್ದರು. ಹಿಂದಿನ ಸಂಜೆ ಪೂರ್ತಿ ಕೂತು, ಎರಡರಲ್ಲಿ ಚೆನ್ನಾಗಿದ್ದದ್ದಕ್ಕೆ ಪಾಲಿಶ್ ಹಾಕಿ ದೇವಸ್ಥಾನದ ಗಂಟೆಯ ಹಾಗೆ ಹೊಳೆಸಿದೆ. ಇನ್ನೊಂದಕ್ಕೆ ಹೊತ್ತಾಗಲಿಲ್ಲ, ಹಾಗೇ ಬಿಟ್ಟೆ. ಬಂದವರು ಹೊಳೆಯುವುದನ್ನು ಎತ್ತಿಕೊಂಡರು, ಒಂದು ಸುತ್ತು ತಿರುಗಿಸಿದರು, ಏನೂ ಮಾತಾಡದೆ ಕೆಳಗಿಟ್ಟರು. ಮಾಸಿದ್ದನ್ನು ಎತ್ತಿಕೊಂಡು ಬೆಲೆ ಕೇಳಿದರು. ಹೊಳೆಸಿದ್ದು ಇವತ್ತಿಗೂ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಒತ್ತಿಕೊಂಡು ಕೂತಿದೆ.

ಒಳಗಿನ ಗಾಜನ್ನು ನೋಡುವ ಕ್ರಮ ಹೇಳಿಬಿಡುತ್ತೇನೆ, ರೋಲಿಫ್ಲೆಕ್ಸ್‌ಗೂ ಇದೇ. ಕತ್ತಲೆ ಕೋಣೆಯಲ್ಲಿ ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು, ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯ ಎಳೆಗಳಂತೆ ಕಂಡರೆ ಫಂಗಸ್, ಅಂದರೆ ಬೂಷ್ಟು. ನಿಮ್ಮ ಮಲೆನಾಡಿನ ಮಳೆಗೆ ಇದಿಲ್ಲದೆ ಇದ್ದರೇ ಆಶ್ಚರ್ಯ. ಮಂಜು ಹಿಡಿದ ಹಾಗಿದ್ದರೆ ಎಣ್ಣೆಯ ಆವಿ ಕೂತಿದೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಎರಡು ಗಾಜನ್ನು ಅಂಟಿಸಿದ ಬಾಲ್ಸಮ್ ಅಂಟು ಬಿಡುತ್ತಿದೆ. ಒಂದೆರಡು ಸಣ್ಣ ಗುಳ್ಳೆ ಕಂಡರೆ ಹೆದರಬೇಡಿ. ಹಳೆ ಗಾಜಿನಲ್ಲಿ ಗುಳ್ಳೆ ಇರುವುದೇ, ಚಿತ್ರಕ್ಕೆ ತೊಂದರೆಯಿಲ್ಲ. ಬೂಷ್ಟನ್ನು ಬೇಗ ತೆಗೆಸಿದರೆ ಸರಿ, ವರ್ಷಗಟ್ಟಲೆ ಬಿಟ್ಟರೆ ಗಾಜನ್ನೇ ಕೊರೆಯುತ್ತದೆ. ಆದರೆ ನೀವೇ ಬಿಚ್ಚಲು ಹೋಗಬೇಡಿ. ತಪ್ಪು ಸ್ಕ್ರೂಡ್ರೈವರ್ ಹಾಕಿ ತಿರುಪಿನ ತಲೆ ಕಿತ್ತರೆ ಕೊಳ್ಳುವವರಿಗೆ ಮೊದಲು ಕಾಣುವುದೇ ಅದು.

ಚರ್ಮದ ಕೇಸುಗಳಿಂದ ಕ್ಯಾಮೆರಾಗಳನ್ನು ಹೊರಗೆ ತೆಗೆಯಿರಿ. ಚರ್ಮ ತೇವ ಹೀರಿ ಹಿಡಿದುಕೊಳ್ಳುತ್ತದೆ, ಬೂಷ್ಟಿಗೆ ಅದೇ ತವರುಮನೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಕೇಸನ್ನು ಬೇರೆ ಇಡಿ, ಎಸೆಯಬೇಡಿ.

ಬಿಲ್ಲುಗಳ ಕಟ್ಟನ್ನಂತೂ ಎಸೆಯಲೇಬೇಡಿ. ಅಜ್ಜ ಯಾವ ವರ್ಷ, ಯಾವ ಅಂಗಡಿಯಿಂದ, ಯಾವ ನಂಬರಿನ ಲೆನ್ಸು ಕೊಂಡರು ಅಂತ ಒಂದು ಹಳದಿ ಚೀಟಿ ಸಿಕ್ಕರೆ ಅದರ ತೂಕವೇ ಬೇರೆ. 2014ರಲ್ಲಿ ವಿಯೆನ್ನಾದಲ್ಲಿ ಒಂದು ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾ 6.6 ಲಕ್ಷ ಯೂರೋಗೆ ಹೋಯಿತು. ಅಪೊಲೊ 15ರ ಯಾತ್ರಿಗಳ ಜೊತೆ ಚಂದ್ರನ ಮೇಲೆ ಹೋಗಿ ಬಂದದ್ದು ಅಂತ ಅದರ ಹೆಗ್ಗಳಿಕೆ. ನಿಜವಾಗಿ ಚಂದ್ರನ ನೆಲ ಮುಟ್ಟಿದ್ದು ಇದೇನಾ ಅಂತ ಬಲ್ಲವರು ಪ್ರಶ್ನೆ ಎತ್ತಿದರು. ಅಷ್ಟು ದೊಡ್ಡ ಕ್ಯಾಮೆರಾಕ್ಕೇ ಕಾಗದದ ತಕರಾರು ತಪ್ಪಲಿಲ್ಲ ಅಂದಮೇಲೆ, ನಮ್ಮಂಥವರ ಲೆನ್ಸಿಗೆ ಬಿಲ್ಲು ಇದ್ದರೆ ಅದು ಅಡಿಪಾಯ. ಅಜ್ಜ ಆ ಕ್ಯಾಮೆರಾ ಪಕ್ಕ ನಿಂತಿರುವ ಹಳೆ ಫೋಟೋ ಇದ್ದರೆ ಅದನ್ನೂ ಸೇರಿಸಿ. ಸಣ್ಣಪುಟ್ಟ ಮುಚ್ಚಳ, ಲೆನ್ಸಿಗೆ ಬಿಸಿಲು ತಡೆಯುವ ಹುಡ್, ಬೆಳಕಿನ ಫಿಲ್ಟರ್ ಯಾವುದನ್ನೂ ಗುಜರಿಗೆ ಕೊಡಬೇಡಿ. ಲೈಟ್ಜ್ ಕಂಪನಿ ತನ್ನ ಪ್ರತಿ ಬಿಡಿಭಾಗಕ್ಕೂ ತಂತಿ (ಟೆಲಿಗ್ರಾಂ) ಕಳಿಸಲು ಸುಲಭವಾಗಲಿ ಅಂತ ಐದು ರೋಮನ್ ಅಕ್ಷರದ ಸಂಕೇತದ ಹೆಸರು ಇಟ್ಟಿತ್ತು. ಫಿಸಾನ್ ಅಂದರೆ ಲೈಕಾದ ಎಲ್ಮಾರ್ ಲೆನ್ಸಿನ ಹುಡ್. ಬೆರಳ ತುದಿಯಷ್ಟು ಸಾಮಾನಿಗೂ ಕಾದು ಕೂತವರಿದ್ದಾರೆ.

ಬೆಲೆ ಬಾಳುವ ಲೆನ್ಸು ಅಂದರೆ ಎಂಥದ್ದು ಅಂತ ಗೊತ್ತಿರಲಿ ಅಂತ ಎರಡು ಉದಾಹರಣೆ ಹೇಳುತ್ತೇನೆ. ಲೈಕಾದ ನೊಕ್ಟಿಲಕ್ಸ್ 50 ಮಿಲಿಮೀಟರ್ ಎಫ್ 1.2, ಬಂದದ್ದು 1966ರಲ್ಲಿ. ಅದರ ಎರಡು ಗಾಜಿನ ಮೈ ಪೂರ್ತಿ ಗೋಲಾಕಾರ ಅಲ್ಲ. ಅದನ್ನು ಕೈಯಿಂದ ಉಜ್ಜಿ ಹದಕ್ಕೆ ತರಬೇಕಿತ್ತು, ಆ ಕೆಲಸ ಬಲ್ಲವರು ಬೆರಳೆಣಿಕೆ. ಎಷ್ಟೋ ಗಾಜು ಕೆಟ್ಟು ಹೋಗುತ್ತಿದ್ದವು. ಒಟ್ಟು ಎರಡು ಸಾವಿರವೂ ಆಗುವ ಮೊದಲೇ ಕಂಪನಿ ಕೈಬಿಟ್ಟಿತು. ಇನ್ನೊಂದು ನಿಕಾನ್ ಕಂಪನಿಯ 6 ಮಿಲಿಮೀಟರ್ ಮೀನುಕಣ್ಣು. 220 ಡಿಗ್ರಿ ನೋಡುತ್ತದೆ, ಅಂದರೆ ತನ್ನ ಬೆನ್ನ ಹಿಂದೆಯೂ ಸ್ವಲ್ಪ ಕಾಣುತ್ತದೆ. ತೂಕ 5.2 ಕಿಲೋ. ಕ್ಯಾಮೆರಾಕ್ಕೆ ಲೆನ್ಸು ಹಾಕುವುದಲ್ಲ, ಲೆನ್ಸಿನ ಬೆನ್ನಿಗೆ ಕ್ಯಾಮೆರಾ ಅಂಟಿಸಿದ ಹಾಗೆ ಕಾಣುತ್ತದೆ. 2012ರಲ್ಲಿ ಲಂಡನ್ನಿನ ಅಂಗಡಿಯೊಂದು ಒಂದು ಲಕ್ಷ ಪೌಂಡ್ ಚೀಟಿ ಅಂಟಿಸಿ ಅದನ್ನು ಮಾರಾಟಕ್ಕಿಟ್ಟಿತ್ತು.

ಸೋತ ಕ್ಯಾಮೆರಾಗಳೂ ಹೀಗೆ ಅಪರೂಪವಾಗುತ್ತವೆ. ನಿಕಾನ್‌ನ ಮೊದಲ ಕ್ಯಾಮೆರಾ 1948ರದ್ದು. ಫಿಲ್ಮು ಉಳಿಯಲಿ ಅಂತ ಚಿತ್ರದ ಅಗಲವನ್ನು 36 ಮಿಲಿಮೀಟರಿನಿಂದ 32ಕ್ಕೆ ಇಳಿಸಿದರು. ಆಗ ಜಪಾನ್ ಅಮೆರಿಕದವರ ಕೈಯಲ್ಲಿತ್ತು. ಈ ಅಳತೆ ಸ್ಲೈಡಿನ ಚೌಕಟ್ಟಿಗೆ ಕೂರಲ್ಲ, ಅಮೆರಿಕಕ್ಕೆ ಕಳಿಸಬೇಡಿ ಅಂದುಬಿಟ್ಟರು. ಸಾವಿರವೂ ಮಾಡದೆ ನಿಲ್ಲಿಸಬೇಕಾಯಿತು. ಈಗ ಅದೇ ಕ್ಯಾಮೆರಾಕ್ಕೆ ಸಂಗ್ರಹಕಾರರು ಮುಗಿಬೀಳುತ್ತಾರೆ. ಎಲ್ಲರ ಮನೆಯಲ್ಲಿದ್ದದ್ದು ಅಗ್ಗ, ಯಾರಿಗೂ ಬೇಡವಾದದ್ದು ದುಬಾರಿ. ಈ ಕಸುಬಿನ ತಮಾಷೆ ನೋಡಿ.

ಹರಾಜಿಗೆ ಕಳಿಸುವುದರ ಬಗ್ಗೆ ಕೇಳಿದ್ದೀರಿ. ಕ್ಯಾಮೆರಾಗಳಿಗೆಂದೇ ಹರಾಜು ನಡೆಸುವ ಮನೆಗಳು ವಿಯೆನ್ನಾ, ವೆಟ್ಸ್‌ಲಾರ್, ಕಲೋನ್, ಇಂಗ್ಲೆಂಡುಗಳಲ್ಲಿ ಇವೆ. ಮೊದಲು ಫೋಟೋ ಕಳಿಸಿದರೆ ಸಾಕು. ಬಿಸಿಲು ನೇರ ಬೀಳದ ನೆರಳಲ್ಲಿ, ಬಿಳಿ ಪಂಚೆಯ ಮೇಲಿಟ್ಟು, ಆರೂ ಕಡೆಯಿಂದ ತೆಗೆಯಿರಿ. ಕೆತ್ತಿದ ನಂಬರನ್ನು ಹತ್ತಿರದಿಂದ ತೆಗೆಯಿರಿ. ಕಲೆ, ಬಿರುಕು, ಬೂಷ್ಟು ಇದ್ದರೆ ಅದನ್ನೂ ತೆಗೆಯಿರಿ, ಮುಚ್ಚಿಡಬೇಡಿ. ಅವರು ಅಂದಾಜು ಬೆಲೆ ಹೇಳುತ್ತಾರೆ. ಇದಕ್ಕಿಂತ ಕಡಿಮೆಗೆ ಕೊಡಬೇಡಿ ಅಂತ ನೀವು ಒಂದು ಕನಿಷ್ಠ ಬೆಲೆ ಗೊತ್ತುಮಾಡಬಹುದು.

ಪೇಪರಿನಲ್ಲಿ ಬರುವ ಮೊತ್ತ ಮಾರಿದವರ ಕೈಗೆ ಬರುವ ಮೊತ್ತ ಅಲ್ಲ, ಇದು ತಿಳಿದಿರಲಿ. ಬಾರ್ನಾಕ್ ಕ್ಯಾಮೆರಾದ ಮೇಲೆ ಸುತ್ತಿಗೆ ಬಿದ್ದದ್ದು 1.2 ಕೋಟಿ ಯೂರೋಗೆ. ಅದರ ಮೇಲೆ ಕೊಂಡವರು ಹರಾಜು ಮನೆಗೆ ಕಟ್ಟುವ ಶುಲ್ಕ ನೂರಕ್ಕೆ ಇಪ್ಪತ್ತು, ಅಂದರೆ 24 ಲಕ್ಷ. ಎರಡೂ ಸೇರಿ 1.44 ಕೋಟಿ. ಮಾರುವವರ ಕಡೆಯಿಂದಲೂ ಸಾಮಾನ್ಯವಾಗಿ ಕಮಿಷನ್ ಹಿಡಿಯುತ್ತಾರೆ. ಸಾಗಣೆ, ವಿಮೆ, ಸುಂಕ, ತೆರಿಗೆ ಎಲ್ಲ ಬೇರೆ. ಹಾಗಾಗಿ ನನ್ನ ಲೆಕ್ಕ ಹೀಗೆ: ಎರಡು ಮೂರು ಲಕ್ಷ ರೂಪಾಯಿಗಿಂತ ಕಡಿಮೆಯ ಸಾಮಾನನ್ನು ವಿದೇಶಕ್ಕೆ ಕಳಿಸುವುದು ತಲೆನೋವಿಗೆ ಸಮ.

ಇನ್ನೊಂದು ಮುಖ್ಯ ವಿಷಯ, ಇದನ್ನು ತುಂಬ ಜನ ಯೋಚಿಸುವುದೇ ಇಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆ ಅಂತ ಇದೆ. ಮೂರ್ತಿ, ನಾಣ್ಯಗಳಿಗೆ ಮಾತ್ರ ಅಂದುಕೊಳ್ಳಬೇಡಿ. ವಿಜ್ಞಾನ, ಕಲೆ, ಕಸುಬುಗಳ ಕುರುಹಾದ ವಸ್ತು ನೂರು ವರ್ಷ ದಾಟಿದ್ದರೆ ಅದೂ ಪುರಾತನ ವಸ್ತು ಅನ್ನಿಸಿಕೊಳ್ಳಬಹುದು. ಪುರಾತನ ವಸ್ತುವನ್ನು ನಾವು ನೀವು ದೇಶದ ಹೊರಗೆ ಕಳಿಸುವ ಹಾಗಿಲ್ಲ. ನಿಮ್ಮ ರೋಲಿಫ್ಲೆಕ್ಸ್‌ಗೆ ಇದು ತಾಗದು, ಆ ಹೆಸರಿನ ಕ್ಯಾಮೆರಾ ಶುರುವಾದದ್ದೇ 1929ರಲ್ಲಿ. ಹಿತ್ತಾಳೆ ಲೆನ್ಸು ನಿಜಕ್ಕೂ ಹತ್ತೊಂಬತ್ತನೇ ಶತಮಾನದ್ದಾದರೆ ತಾಗಬಹುದು. ಕಳಿಸುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರಿಗೆ ತೋರಿಸಿ ಕೇಳಿ. ಪುರಾತನ ವಸ್ತು ಅಲ್ಲ ಅಂತ ಅವರು ಪ್ರಮಾಣಪತ್ರ ಕೊಟ್ಟರೆ ದಾರಿ ಸಲೀಸು. ಇಲ್ಲವಾದರೆ ದೇಶದೊಳಗೇ ಮಾರಬೇಕು, ಬೆಲೆ ಇಳಿದರೂ ಸರಿ. ಕೊರಿಯರ್‌ನಲ್ಲಿ ಹಳೆ ಹಿತ್ತಾಳೆ ಸಾಮಾನು ಅಂತ ಬರೆದು ಕಳಿಸಿಬಿಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ, ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಹೆಸರು ನಿಮ್ಮದಿರುತ್ತದೆ.

ಮನೆಗೇ ಬಂದು ಇಡೀ ಟ್ರಂಕಿಗೆ ಇಷ್ಟು ಅಂತ ಕೊಡ್ತೇವೆ ಅನ್ನುವವರೂ ಬರಬಹುದು. ಅವರು ಬಂಗಾರದ ಲೈಕಾವನ್ನು ಹೊಗಳಿ ಹೊಗಳಿ ಅದಕ್ಕೊಂದು ಒಳ್ಳೆ ಬೆಲೆ ಕಟ್ಟುತ್ತಾರೆ, ಈ ಮರದ್ದು ಹಿತ್ತಾಳೆದು ಸುಮ್ನೆ ಜೊತೆಗಿರಲಿ ಬಿಡಿ ಅನ್ನುತ್ತಾರೆ. ಆಗ ಕಾಫಿ ಕೊಟ್ಟು ಕಳಿಸಿ.

ನನಗೆ ಮೂರು ಫೋಟೋ ಕಳಿಸಿ: ಹಿತ್ತಾಳೆ ಲೆನ್ಸಿನ ಕೆತ್ತಿದ ಅಕ್ಷರ, ಅದರ ಹಿಂಭಾಗ, ರೋಲಿಫ್ಲೆಕ್ಸ್‌ನ ಕೆಳಗಿನ ಲೆನ್ಸು. ಬಿಲ್ಲುಗಳಲ್ಲಿ ಲೆನ್ಸು ಅಂತ ಬರೆದಿರುವುದು ಯಾವುದಾದರೂ ಕಂಡರೆ ಅದನ್ನೂ ಸೇರಿಸಿ. ಅದನ್ನೆಲ್ಲ ನೋಡಿದ ಮೇಲೆ ಅಂಕಿ ಹೇಳುತ್ತೇನೆ, ಈಗ ಹೇಳಿದರೆ ಕಣಿ ಹೇಳಿದಂತಾಗುತ್ತದೆ.

ಆಗ್ಫಾ ಕ್ಲಿಕ್ 3 ಬಗ್ಗೆ ನೀವು ಏನೂ ಕೇಳಲಿಲ್ಲ. ಮಾರಲು ಹೋದರೆ ಕೆಲವು ನೂರು ರೂಪಾಯಿ ಬರಬಹುದು, ಅಷ್ಟೇ. ಆದರೆ ಅದಕ್ಕೆ ಹಾಕುವ 120 ರೋಲು ಈಗಲೂ ಸಿಗುತ್ತದೆ, ಹನ್ನೆರಡು ಫೋಟೋ ಬರುತ್ತವೆ. ಬೆಳಗಿನ ಒಂಬತ್ತು ಗಂಟೆಯ ಬಿಸಿಲಲ್ಲಿ ಅಮ್ಮನನ್ನು ಅಂಗಳದಲ್ಲಿ ನಿಲ್ಲಿಸಿ, ಕೈ ಅಲುಗಿಸದೆ ಒತ್ತಿ. ಹುಣಸೆಹಣ್ಣು ಕಿತ್ತುಕೊಂಡದ್ದಕ್ಕೆ ಅವರಿಗೂ ಸ್ವಲ್ಪ ಸಮಾಧಾನ ಆಗಲಿ.